ಮೂರೂವರೆ ಗಂಟೆಯ ವೆಸ್ಟರ್ನ್, ಮನೆಯಲ್ಲಿ ಕೂತು ನೋಡಿದಾಗ

1980ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಒಂದು ಥಿಯೇಟರ್‌ನಲ್ಲಿ 219 ನಿಮಿಷದ ಒಂದು ವೆಸ್ಟರ್ನ್, ಅಂದರೆ ಅಮೆರಿಕದ ಪಶ್ಚಿಮ ಭಾಗದ ಹಳೆಯ ಕಾಲದ ಕಥೆಯ ಸಿನಿಮಾ, ತೆರೆಗೆ ಬಂತು. ಒಂದೇ ವಾರದಲ್ಲಿ ಅದನ್ನು ಎತ್ತಿಬಿಟ್ಟರು. ಮೈಕಲ್ ಚಿಮಿನೊ ಬರೆದು ನಿರ್ದೇಶಿಸಿದ 'ಹೆವೆನ್ಸ್ ಗೇಟ್' ಅದು. ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ವಿನ್ಸೆಂಟ್ ಕ್ಯಾನ್ಬಿ ಬರೆದ ಮಾತು ಇವತ್ತಿಗೂ ಈ ಚಿತ್ರದ ಬೆನ್ನು ಬಿಟ್ಟಿಲ್ಲ. ನಮ್ಮ ಮನೆಯ ಹಾಲ್‌ನಲ್ಲೇ ನಮ್ಮನ್ನು ನಾಲ್ಕು ಗಂಟೆ ಬಲವಂತವಾಗಿ ಸುತ್ತು ಹಾಕಿಸಿದ ಹಾಗಿದೆ ಇದು ಅಂತ ಅವರು ಬರೆದರು.

ಬೈಯಲು ಅವರು ಆರಿಸಿಕೊಂಡ ಜಾಗ ಮನೆಯ ಹಾಲ್. ಮುಂದೆ ಈ ಚಿತ್ರಕ್ಕೆ ನೋಡುಗರು ಸಿಕ್ಕಿದ್ದು ಅಲ್ಲೇ. ವಿಎಚ್‌ಎಸ್ ಕ್ಯಾಸೆಟ್ ಬಂತು, ಆಮೇಲೆ ಡಿವಿಡಿ, 2012ರಲ್ಲಿ ಕ್ರೈಟೀರಿಯನ್ ಸಂಸ್ಥೆಯ ಬ್ಲೂರೇ. ಪ್ರತಿ ಸಲ ಹೊಸದಾಗಿ ಒಂದಷ್ಟು ಜನ ಇದನ್ನು ಮನೆಯಲ್ಲಿ ಕೂತು ನೋಡಿದರು, ತಮ್ಮ ಅಭಿಪ್ರಾಯ ಹೇಳಿದರು. ಆ ಅಭಿಪ್ರಾಯಗಳು ಥಿಯೇಟರ್‌ನಲ್ಲಿ ಮೊದಲ ರಾತ್ರಿ ನೋಡಿದವರ ಮಾತಿಗಿಂತ ಬಹಳ ಬೇರೆ ಇವೆ. ಯಾಕೆ ಬೇರೆ ಅನ್ನುವುದು ನನ್ನನ್ನು ತುಂಬಾ ದಿನದಿಂದ ಕಾಡುತ್ತಿದೆ. ನನ್ನ ಹತ್ತಿರ ಇರುವ ಡಿಸ್ಕ್ ಮನೆಯವರ, ಗೆಳೆಯರ ಕೈ ದಾಟಿ ಬಂದಿದೆ. ಅವರು ಹೇಳಿದ್ದೂ ನನ್ನ ತಲೆಯಲ್ಲಿದೆ.

ಮೊದಲು ದುಡ್ಡಿನ ಕಥೆ ಹೇಳಿಬಿಡುತ್ತೇನೆ. ಯಾಕೆಂದರೆ ಈ ಚಿತ್ರದ ಬಗ್ಗೆ ಎಲ್ಲರಿಗೂ ಗೊತ್ತಿರುವುದು ಅದೊಂದೇ. ಚಿಮಿನೊ ಇದಕ್ಕೆ ಮುಂಚೆ ಮಾಡಿದ 'ದಿ ಡೀರ್ ಹಂಟರ್' ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶಕ ಸೇರಿ ಐದು ಆಸ್ಕರ್ ಗೆದ್ದಿತ್ತು. ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿ ಅವರು ಕೇಳಿದ್ದಕ್ಕೆಲ್ಲ ಹೂಂ ಅಂದಿತು. 1.16 ಕೋಟಿ ಡಾಲರ್‌ನಲ್ಲಿ ಮುಗಿಯಬೇಕಿದ್ದ ಚಿತ್ರ 4.4 ಕೋಟಿಗೆ ಹೋಯಿತು. 1979ರ ಏಪ್ರಿಲ್‌ನಲ್ಲಿ ಮೊಂಟಾನಾದಲ್ಲಿ ಶೂಟಿಂಗ್ ಶುರು. ಆರು ದಿನ ಕೆಲಸ ಆಗುವಷ್ಟರಲ್ಲಿ ಐದು ದಿನ ಹಿಂದೆ ಬಿದ್ದಿದ್ದರು. ಒಂದೊಂದು ಶಾಟ್ ಅನ್ನು ಮತ್ತೆ ಮತ್ತೆ ತೆಗೆದರು. ಕೊನೆಗೆ ಕೈಯಲ್ಲಿ ಉಳಿದದ್ದು ಸುಮಾರು 13 ಲಕ್ಷ ಅಡಿ ಫಿಲ್ಮ್. ಕಂಪನಿಯವರಿಗೆ ಮೊದಲು ತೋರಿಸಿದ ಕಟ್ ಐದು ಗಂಟೆ ದಾಟಿತ್ತು. ನ್ಯೂಯಾರ್ಕ್‌ನಲ್ಲಿ ಆದ ಅವಮಾನದ ಮೇಲೆ 149 ನಿಮಿಷಕ್ಕೆ ಕತ್ತರಿಸಿ 1981ರ ಏಪ್ರಿಲ್‌ನಲ್ಲಿ ಮತ್ತೆ ಬಿಟ್ಟರು. ಅದೂ ಓಡಲಿಲ್ಲ. ಗಳಿಕೆ 35 ಲಕ್ಷ ಡಾಲರ್ ಆಸುಪಾಸು. ಚಾಪ್ಲಿನ್, ಗ್ರಿಫಿತ್, ಮೇರಿ ಪಿಕ್‌ಫರ್ಡ್, ಡಗ್ಲಸ್ ಫೇರ್‌ಬ್ಯಾಂಕ್ಸ್ ಸೇರಿ 1919ರಲ್ಲಿ ಕಟ್ಟಿದ ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿಯನ್ನು ಅದರ ಆಗಿನ ಒಡೆಯರು 1981ರಲ್ಲೇ ಎಂಜಿಎಂ ಸ್ಟುಡಿಯೊಗೆ ಮಾರಿಬಿಟ್ಟರು.

ಹೀಗಾಗಿ 1980ರಲ್ಲಿ ಥಿಯೇಟರ್‌ಗೆ ಹೋದವನು ಬರೀ ಸಿನಿಮಾ ನೋಡಲು ಹೋಗಿರಲಿಲ್ಲ. ತಿಂಗಳುಗಟ್ಟಲೆ ಪತ್ರಿಕೆಗಳಲ್ಲಿ ಓದಿದ ದುಂದುವೆಚ್ಚದ, ಹಠದ, ಜಗಳದ ಸುದ್ದಿಯನ್ನು ತಲೆಯಲ್ಲಿ ತುಂಬಿಕೊಂಡು ಹೋಗಿದ್ದ. ಇನ್ನೊಬ್ಬ ವಿಮರ್ಶಕ ರೋಜರ್ ಈಬರ್ಟ್ ತಮ್ಮ ವಿಮರ್ಶೆಯಲ್ಲಿ ತಾವು ಕಂಡ ಅತಿ ದೊಡ್ಡ ದಂಡ ಇದು ಅನ್ನುವ ಅರ್ಥದಲ್ಲಿ ಬರೆದರು. ದಂಡ ಅಂದಾಗ ಲೆಕ್ಕ ದುಡ್ಡಿನದ್ದು, ಅಲ್ವಾ? ಮನೆಯಲ್ಲಿ ಡಿಸ್ಕ್ ಹಾಕಿಕೊಂಡು ಕೂತವನಿಗೆ ಆ ಲೆಕ್ಕದ ಹಂಗಿಲ್ಲ. ಆ ಕಂಪನಿ ಕೈ ಬದಲಾಗಿ ಎಷ್ಟೋ ಕಾಲವಾಗಿದೆ. ಅವನ ಮುಂದೆ ಇರುವುದು ಚಿತ್ರ ಮಾತ್ರ. ಮನೆಯಲ್ಲಿ ನೋಡಿದವರ ಅಭಿಪ್ರಾಯ ಹೆಚ್ಚು ನ್ಯಾಯವಾದದ್ದು ಅಂತ ನಾನು ನಂಬುವುದಕ್ಕೆ ಮೊದಲ ಕಾರಣ ಇದು.

ಚಿತ್ರದಲ್ಲಿ ಏನಿದೆ ಅಂತ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. 1870ರಲ್ಲಿ ಹಾರ್ವರ್ಡ್‌ನಲ್ಲಿ ಪದವಿ ಪಡೆಯುವ ಶ್ರೀಮಂತ ಹುಡುಗರಿಂದ ಕಥೆ ಶುರು. ಇಪ್ಪತ್ತು ವರ್ಷ ಬಿಟ್ಟು ನೋಡಿದರೆ ಅವರಲ್ಲೊಬ್ಬ, ಜೇಮ್ಸ್ ಏವರಿಲ್, ವಯೋಮಿಂಗ್‌ನ ಜಾನ್ಸನ್ ಕೌಂಟಿಯಲ್ಲಿ ಮಾರ್ಷಲ್ ಆಗಿದ್ದಾನೆ. ಈ ಪಾತ್ರ ಕ್ರಿಸ್ ಕ್ರಿಸ್ಟಾಫರ್ಸನ್‌ದು. ಅಲ್ಲಿಗೆ ಯುರೋಪಿನಿಂದ ವಲಸೆ ಬಂದ ಬಡವರು ತುಂಡು ಭೂಮಿಗಾಗಿ ಒದ್ದಾಡುತ್ತಿದ್ದಾರೆ. ಹಸಿವಿಗೆ ಕೆಲವರು ದನ ಕದಿಯುತ್ತಾರೆ. ದೊಡ್ಡ ದನದ ಸಾಹುಕಾರರ ಸಂಘ 125 ಜನರ ಹೆಸರಿನ ಪಟ್ಟಿ ಮಾಡಿ, ಬಾಡಿಗೆ ಬಂದೂಕುಗಾರರನ್ನು ಕಟ್ಟಿಕೊಂಡು ಹೊರಡುತ್ತದೆ. ಸಂಘದ ಕಡೆ ಫ್ರಾಂಕ್ ಕ್ಯಾಂಟನ್ ಆಗಿ ಸ್ಯಾಮ್ ವಾಟರ್‌ಸ್ಟನ್. ಹಾರ್ವರ್ಡ್ ಗೆಳೆಯ, ಈಗ ಅದೇ ಸಂಘದಲ್ಲಿ ಕುಡಿದು ಕುಡಿದು ಹಾಳಾಗಿರುವ ಬಿಲ್ಲಿ ಇರ್ವಿನ್ ಆಗಿ ಜಾನ್ ಹರ್ಟ್. ವೇಶ್ಯಾಗೃಹ ನಡೆಸುವ ಎಲ್ಲಾ ವಾಟ್ಸನ್ ಆಗಿ ಇಸಬೆಲ್ ಉಪೇರ್. ಅವಳನ್ನು ಏವರಿಲ್ ಕೂಡ ಪ್ರೀತಿಸುತ್ತಾನೆ, ಸಂಘದ ಬಂದೂಕುಗಾರ ನೇಟ್ ಚಾಂಪಿಯನ್ ಕೂಡ. ಚಾಂಪಿಯನ್ ಆಗಿ ಕ್ರಿಸ್ಟೊಫರ್ ವಾಕನ್.

ಈಗ ಉದ್ದದ ವಿಷಯ. ಯಾರಿಗೆ ಡಿಸ್ಕ್ ಕೊಟ್ಟರೂ ಮೊದಲು ಬರುವ ಮಾತು ಅದೇ. ನನ್ನ ಅತ್ತಿಗೆ ಎರಡು ರಾತ್ರಿ ಮಾಡಿ ನೋಡಿದರು. ಮೊದಲ ರಾತ್ರಿ ಸ್ಕೇಟಿಂಗ್ ದೃಶ್ಯದವರೆಗೆ, ಎರಡನೇ ರಾತ್ರಿ ಉಳಿದದ್ದು. ಅವರಿಗೆ ಚಿತ್ರ ಉದ್ದ ಅನ್ನಿಸಲೇ ಇಲ್ಲವಂತೆ. ಒಂದೇ ಏಟಿಗೆ ನೋಡಿದ ಗೆಳೆಯನಿಗೆ ಎರಡನೇ ಗಂಟೆ ಬೆಟ್ಟ ಹತ್ತಿದ ಹಾಗಾಯಿತು. ಇಬ್ಬರೂ ಸರಿಯೇ ಅಂತ ನನಗೆ ಅನ್ನಿಸಿದ್ದು. ಈ ಚಿತ್ರ ಕಥೆ ಹೇಳುವ ಆತುರದಲ್ಲಿ ಇಲ್ಲ. ಒಂದು ಊರು, ಒಂದು ಕಾಲ, ಅಲ್ಲಿನ ಧೂಳು, ಅಲ್ಲಿನ ಗಲಾಟೆ, ಅದರೊಳಗೆ ನಮ್ಮನ್ನು ಕೂರಿಸುವುದು ಅದರ ಕೆಲಸ. ಒಂದು ಕಾದಂಬರಿಯನ್ನು ನಾವು ಒಂದೇ ಸಲ ಕೂತು ಓದಿ ಮುಗಿಸಲೇಬೇಕು ಅಂತ ಯಾರೂ ಹೇಳುವುದಿಲ್ಲ. ಸಿನಿಮಾಕ್ಕೂ ಆ ಸ್ವಾತಂತ್ರ್ಯ ಕೊಟ್ಟದ್ದು ಕ್ಯಾಸೆಟ್ ಮತ್ತು ಡಿಸ್ಕ್.

ಇಂಟರ್ವಲ್ ಬಗ್ಗೆಯೂ ಒಂದು ಮಾತು. ಮೂಲ ಚಿತ್ರದಲ್ಲಿ ಇಂಟರ್ವಲ್ ಇತ್ತು. ಬ್ಲೂರೇಗಾಗಿ ಚಿಮಿನೊ ಅದನ್ನು ತೆಗೆದರು. ಹಾಗಾಗಿ ಈಗಿನ ಉದ್ದ 216 ನಿಮಿಷ. ನಮ್ಮ ಕಡೆ ಎರಡು ಗಂಟೆಯ ಇಂಗ್ಲಿಷ್ ಚಿತ್ರಕ್ಕೂ ಮಧ್ಯದಲ್ಲಿ ಕತ್ತರಿ ಹಾಕಿ ಇಂಟರ್ವಲ್ ಕೊಡುತ್ತಾರೆ. ಅದಕ್ಕೆ ಒಗ್ಗಿಹೋದ ನನಗೆ ಇದ್ದ ಇಂಟರ್ವಲ್ ಅನ್ನೇ ತೆಗೆದದ್ದು ಸರಿ ಅನ್ನಿಸಲಿಲ್ಲ. ಮೂರೂವರೆ ಗಂಟೆಯ ಚಿತ್ರದಲ್ಲಿ ಒಂದು ವಿರಾಮ ಎಲ್ಲಿ ಬರುತ್ತದೆ ಅನ್ನುವುದು ಕೂಡ ನಿರ್ದೇಶಕ ಹೇಳುವ ಕಥೆಯ ಭಾಗ. ಯಾವ ದೃಶ್ಯದ ಮೇಲೆ ನಮ್ಮನ್ನು ಎಬ್ಬಿಸಿ ಕಳಿಸುತ್ತಾನೆ, ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಗೆ ಓಡಾಡಬೇಕು ಅನ್ನುವುದು ಮುಖ್ಯ. ಅದು ಹೋದಾಗ ಪಾಜ್ ಬಟನ್ ಎಲ್ಲಿ ಒತ್ತಬೇಕು ಅನ್ನುವ ನಿರ್ಧಾರ ನಮ್ಮ ಕೈಗೆ ಬಂತು.

ಸ್ಕೇಟಿಂಗ್ ದೃಶ್ಯದ ಹೆಸರು ಬಂತು. ಅಲ್ಲಿ ಸ್ವಲ್ಪ ನಿಲ್ಲಬೇಕು. ವಲಸಿಗರ ಊರಿನಲ್ಲಿ ಮರದ ಹಲಗೆಯ ದೊಡ್ಡ ಹಾಲ್ ಇದೆ. ಚಕ್ರದ ಶೂ ಕಟ್ಟಿಕೊಂಡು ಜನ ಅಲ್ಲಿ ಸುತ್ತು ಹೊಡೆಯುತ್ತಾರೆ. ಆ ಹಾಲ್‌ನ ಹೆಸರೇ ಹೆವೆನ್ಸ್ ಗೇಟ್. ಮೊದಲು ಒಬ್ಬ ಯುವಕ ಪಿಟೀಲು ನುಡಿಸುತ್ತಾ ಒಬ್ಬನೇ ಸ್ಕೇಟಿಂಗ್ ಮಾಡುತ್ತಾ ಬರುತ್ತಾನೆ. ಅವನು ನಟನಲ್ಲ, ಚಿತ್ರಕ್ಕೆ ಸಂಗೀತ ಕೊಟ್ಟ ಡೇವಿಡ್ ಮ್ಯಾನ್ಸ್‌ಫೀಲ್ಡ್. ಆಗ ಇಪ್ಪತ್ತು ದಾಟಿದ ಹುಡುಗ. ಬಾಬ್ ಡಿಲನ್ ತಂಡದಲ್ಲಿ ನುಡಿಸಿದವರು. ಒಂದು ಸುತ್ತು, ಎರಡು ಸುತ್ತು. ಕಮಾನು ತಂತಿ ಬಿಡುವುದಿಲ್ಲ, ಕಾಲು ನಿಲ್ಲುವುದಿಲ್ಲ. ಜನ ಕೂಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಇಡೀ ಊರೇ ಇಳಿಯುತ್ತದೆ. ಉದ್ದ ಲಂಗದ ಹೆಂಗಸರು, ಬೀಳುತ್ತಾ ಏಳುತ್ತಾ ಗಂಡಸರು. ಇದಕ್ಕಾಗಿ ನಟರಿಗೆ ಶೂಟಿಂಗ್‌ಗೆ ಮುಂಚೆಯೇ ಸ್ಕೇಟಿಂಗ್ ಪಾಠ ಮಾಡಿಸಿದ್ದರು. ಅದು ತೆರೆಯ ಮೇಲೆ ಗೊತ್ತಾಗುತ್ತದೆ. ಯಾರೂ ನಟಿಸುತ್ತಿರುವ ಹಾಗೆ ಕಾಣುವುದಿಲ್ಲ. ಕೊನೆಗೆ ಎಲ್ಲರೂ ಹೋಗಿ ಖಾಲಿಯಾದ ಹಾಲ್‌ನಲ್ಲಿ ಏವರಿಲ್ ಮತ್ತು ಎಲ್ಲಾ ವಾಟ್ಸನ್ ಇಬ್ಬರೇ ಕುಣಿಯುತ್ತಾರೆ.

ಈ ದೃಶ್ಯ ಕಥೆಯನ್ನು ಒಂದು ಹೆಜ್ಜೆಯೂ ಮುಂದಕ್ಕೆ ಒಯ್ಯುವುದಿಲ್ಲ. ಚಿತ್ರವನ್ನು ಕಡಿಮೆ ಮಾಡಲು ಕೂತ ಯಾರಿಗಾದರೂ ಮೊದಲು ಕತ್ತರಿ ಹಾಕಬೇಕು ಅನ್ನಿಸುವುದು ಇಂಥ ಕಡೆಯೇ. ಆದರೆ ಚಿತ್ರ ನೋಡಿದ ಯಾರನ್ನಾದರೂ ಕೇಳಿ, ನೆನಪಿನಲ್ಲಿ ಉಳಿದದ್ದು ಇದೇ ಅನ್ನುತ್ತಾರೆ. ಬೇರೆಲ್ಲ ವಿಷಯಕ್ಕೆ ಬೈಯುವವರೂ ಇದಕ್ಕೆ ತಲೆಬಾಗುತ್ತಾರೆ. ನನಗೆ ಇಲ್ಲಿ ಕಾಣುವುದು ಇನ್ನೊಂದು ಸಂಗತಿ. ಹಾರ್ವರ್ಡ್ ದೃಶ್ಯದಲ್ಲಿ ಹುಲ್ಲುಹಾಸಿನ ಮೇಲೆ ನೂರಾರು ಜೋಡಿಗಳು ವಾಲ್ಟ್ಜ್ ಸಂಗೀತಕ್ಕೆ ವೃತ್ತ ಕಟ್ಟಿ ಕುಣಿದಿರುತ್ತಾರೆ. ಇಲ್ಲಿ ಬಡವರು ಚಕ್ರದ ಮೇಲೆ ಅದೇ ವೃತ್ತ ಹಾಕುತ್ತಾರೆ. ಕೊನೆಯ ಕಾಳಗದಲ್ಲಿ ಅದೇ ಜನ ಗಾಡಿ ಹತ್ತಿ, ಧೂಳೆಬ್ಬಿಸಿ, ಬಾಡಿಗೆ ಕೊಲೆಗಾರರ ಸುತ್ತ ವೃತ್ತ ಹೊಡೆಯುತ್ತಾರೆ. ಮೂರೂ ಕಡೆ ಕ್ಯಾಮೆರಾ ಹಾಗೇ ಸುತ್ತುತ್ತದೆ. ಮೊದಲನೆಯದು ಸಂಭ್ರಮ, ಎರಡನೆಯದೂ ಸಂಭ್ರಮ, ಮೂರನೆಯದು ಸಾವು. 149 ನಿಮಿಷಕ್ಕೆ ಇಳಿಸಿದಾಗ ಈ ಲಯ ಉಳಿಯುವುದು ಕಷ್ಟ. ರಿಮೋಟ್ ಹಿಡಿದು ಹಿಂದೆ ಹೋಗಿ ಆ ಮೂರು ದೃಶ್ಯಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ನಿರ್ದೇಶಕನ ಯೋಚನೆ ಎಷ್ಟು ಗಟ್ಟಿ ಇತ್ತು ಅಂತ ಗೊತ್ತಾಯಿತು.

ಮಾತು ಕೇಳಿಸುವುದಿಲ್ಲ ಅನ್ನುವುದು ಹಳೆಯ ದೂರು. ಅದು ನಿಜವೇ. ರೈಲಿನ ಸದ್ದು, ಗಾಡಿಯ ಸದ್ದು, ಜನರ ಕೂಗಾಟದ ನಡುವೆ ಪಾತ್ರಗಳು ಗೊಣಗುತ್ತವೆ. ಬೀದಿಯಲ್ಲಿ ಯಾರೋ ಏನೋ ಹೇಳುತ್ತಾರೆ, ಅಷ್ಟರಲ್ಲಿ ಕುದುರೆ ಗಾಡಿ ಹಾದುಹೋಗುತ್ತದೆ. 1980ರಲ್ಲಿ ಥಿಯೇಟರ್‌ನಲ್ಲಿ ಕೂತವರಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಸಬ್‌ಟೈಟಲ್ ಇದೆ. ನಮ್ಮಲ್ಲಿ ಎಷ್ಟೋ ಜನ ಇಂಗ್ಲಿಷ್ ಚಿತ್ರವನ್ನು ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡೇ ನೋಡುವುದು. ಹಾಗಾಗಿ ಈ ದೂರು ನನ್ನ ಸುತ್ತ ಯಾರ ಬಾಯಲ್ಲೂ ಬರಲಿಲ್ಲ. ಅದರ ಬದಲು ಇನ್ನೊಂದು ಮಾತು ಬಂತು. ವಲಸಿಗರು ತಮ್ಮ ತಮ್ಮ ಭಾಷೆಯಲ್ಲೇ ಜಗಳವಾಡುತ್ತಾರೆ, ಕೂಗುತ್ತಾರೆ, ಅಳುತ್ತಾರೆ. ಅರ್ಥವಾಗದಿದ್ದರೂ ಎಲ್ಲ ಅರ್ಥವಾಯಿತು ಅಂದರು ಅತ್ತಿಗೆ.

ಅವರು ಹೇಳಿದ್ದು ಪಟ್ಟಿ ಓದುವ ದೃಶ್ಯದ ಬಗ್ಗೆ. ಅದೇ ಸ್ಕೇಟಿಂಗ್ ಹಾಲ್‌ನಲ್ಲಿ ಊರಿನವರೆಲ್ಲ ಸೇರಿದ್ದಾರೆ. ಏವರಿಲ್ ಕೊಲ್ಲಬೇಕಾದವರ ಪಟ್ಟಿ ಹಿಡಿದು ಒಂದೊಂದೇ ಹೆಸರು ಓದುತ್ತಾನೆ. ಹೆಸರು ಬಂದಾಗ ಗುಂಪಿನಲ್ಲಿ ಎಲ್ಲೋ ಒಂದು ಕಡೆ ಅಲ್ಲೋಲಕಲ್ಲೋಲ. ಒಬ್ಬ ಸುಮ್ನೆ ನಿಂತುಬಿಡುತ್ತಾನೆ. ಇನ್ನೊಬ್ಬ ಕಿರುಚುತ್ತಾನೆ. ಹೆಸರು ಬರದವರ ಮುಖದಲ್ಲೂ ನೆಮ್ಮದಿ ಇಲ್ಲ, ಮುಂದಿನದು ತಮ್ಮದಿರಬಹುದು. ಓದುವವನು ನಿಲ್ಲಿಸುವುದಿಲ್ಲ. ಈ ದೃಶ್ಯಕ್ಕೆ ಬೇಕಾದಷ್ಟು ಹೊತ್ತು ಕೊಟ್ಟಿದ್ದಾರೆ. ಅಷ್ಟು ಹೊತ್ತು ಕೊಟ್ಟದ್ದರಿಂದಲೇ 125 ಅನ್ನುವುದು ಬರೀ ಅಂಕಿಯಾಗಿ ಉಳಿಯದೆ ಜನರಾಗುತ್ತದೆ.

ಇನ್ನು ಬಣ್ಣ. ಡಿಸ್ಕ್ ನೋಡುವವರ ನಡುವೆ ದೊಡ್ಡ ಜಗಳ ಇರುವುದು ಇಲ್ಲೇ, ಮತ್ತು ನನಗೆ ಅತಿ ಮುಖ್ಯ ಅನ್ನಿಸುವುದೂ ಇದೇ. ಛಾಯಾಗ್ರಾಹಕ ವಿಲ್ಮೋಸ್ ಜಿಗ್ಮಂಡ್ 1980ರಲ್ಲಿ ಈ ಚಿತ್ರಕ್ಕೆ ಕೊಟ್ಟದ್ದು ಹಳೆಯ ಫೋಟೊದಂಥ ಕಂದು ಹಳದಿ ಬಣ್ಣ. ಹೊಗೆ, ಧೂಳು, ಕಿಟಕಿಯಿಂದ ಬರುವ ಮಂಕು ಬೆಳಕು. ಪರದೆಗೆ ಗಾಜು ಒರೆಸುವ ದ್ರವ ಹಾಕಿ ಉಜ್ಜಬೇಕು ಅನ್ನಿಸುತ್ತದೆ ಅನ್ನುವ ಅರ್ಥದಲ್ಲಿ ಈಬರ್ಟ್ ಬರೆದಿದ್ದರು. 2012ರಲ್ಲಿ ಕ್ರೈಟೀರಿಯನ್‌ಗಾಗಿ ಚಿತ್ರವನ್ನು ದುರಸ್ತಿ ಮಾಡುವಾಗ ಮೂಲ ನೆಗೆಟಿವ್ ಪೂರ್ತಿಯಾಗಿ ಇರಲಿಲ್ಲ. ಅದನ್ನು ಚಿಕ್ಕ ಆವೃತ್ತಿಗಾಗಿ ಕತ್ತರಿಸಿಬಿಟ್ಟಿದ್ದರು. ಹಾಗಾಗಿ ಮೂರು ಬಣ್ಣಗಳನ್ನು ಬೇರೆ ಬೇರೆ ಮಾಡಿ ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಜೋಪಾನ ಮಾಡಿಟ್ಟಿದ್ದ ಪ್ರತಿಗಳಿಂದ ಚಿತ್ರವನ್ನು ಮತ್ತೆ ಕಟ್ಟಿದರು. ಆ ಕೆಲಸ ಚಿಮಿನೊ ಕಣ್ಣೆದುರೇ ನಡೆಯಿತು. ಅವರು ಆ ಕಂದು ಬಣ್ಣವನ್ನು ತೆಗೆಸಿಹಾಕಿದರು. ಈಗ ಹುಲ್ಲು ಹಸಿರಾಗಿದೆ, ಆಕಾಶ ನೀಲಿಯಾಗಿದೆ, ಮೊಂಟಾನಾದ ಬೆಟ್ಟಗಳು ಕಣ್ಣಿಗೆ ರಾಚುತ್ತವೆ.

ಕೆಲವರು ಇದನ್ನು ಹಾಡಿ ಹೊಗಳುತ್ತಾರೆ. ಹಳೆಯ ಕ್ಯಾಸೆಟ್, ಡಿವಿಡಿ ನೋಡಿ ಬೆಳೆದವರಿಗೆ ಸಿಟ್ಟು. ತಾವು ಪ್ರೀತಿಸಿದ ಚಿತ್ರ ಇದಲ್ಲ ಅನ್ನುತ್ತಾರೆ. ನನ್ನ ಮನಸ್ಸು ಎರಡನೆಯವರ ಕಡೆ. ಹೊಸ ಬಣ್ಣದಲ್ಲಿ ಬೆಟ್ಟ, ಹೊಳೆ, ಗಾಡಿ ಹೋಗುವ ದಾರಿ ಎಲ್ಲ ಚೆಂದವೇ. ಆದರೆ ಒಳಾಂಗಣ ದೃಶ್ಯಗಳಿಗೆ ಆ ಮಂಕು ಬೇಕಿತ್ತು. ಸ್ಕೇಟಿಂಗ್ ಹಾಲ್‌ಗೆ ಅದು ಬೇಕಿತ್ತು. ಹಳೆಯ ಬಣ್ಣದಲ್ಲಿ ಈ ಜನರೆಲ್ಲ ಆಗಲೇ ಹೋಗಿಬಿಟ್ಟವರು, ಯಾರದೋ ಆಲ್ಬಮ್‌ನಲ್ಲಿ ಉಳಿದವರು ಅನ್ನುವ ಭಾವ ಇತ್ತು. ಹೊಸದರಲ್ಲಿ ಅವರು ಇವತ್ತಿನವರ ಹಾಗೆ ಕಾಣುತ್ತಾರೆ. ನಿರ್ದೇಶಕನಿಗೆ ತನ್ನ ಚಿತ್ರವನ್ನು ತಿದ್ದುವ ಹಕ್ಕು ಇದೆ, ಅದನ್ನು ಒಪ್ಪುತ್ತೇನೆ. ಆದರೆ ಹಳೆಯದನ್ನೂ ಅದೇ ಪೆಟ್ಟಿಗೆಯಲ್ಲಿ ಇಟ್ಟು ಕೊಡಬೇಕಿತ್ತು.

ಇದರಿಂದ ಇನ್ನೊಂದು ಪ್ರಶ್ನೆ ಏಳುತ್ತದೆ. 1980ರ ವಿಮರ್ಶಕರು ಕುರುಡರಾಗಿದ್ದರು, ನಮಗೆ ಈಗ ಕಣ್ಣು ಬಂದಿದೆ ಅಂತ ಇವತ್ತು ಬಹಳ ಜನ ಹೇಳುತ್ತಾರೆ. 2012ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಹೊಸ ಪ್ರತಿ ತೋರಿಸಿ ಚಿಮಿನೊಗೆ ಗೌರವ ಮಾಡಿದ ಮೇಲಂತೂ ಇದು ಜಾಸ್ತಿಯಾಯಿತು. ಆದರೆ ನಾವು ನೋಡುತ್ತಿರುವುದು ಅವರು ನೋಡಿದ್ದನ್ನೇ ಏನು? ಬಣ್ಣ ಬೇರೆ, ಶಬ್ದದ ಮಿಶ್ರಣ ಬೇರೆ, ಇಂಟರ್ವಲ್ ಇಲ್ಲ, ಸಬ್‌ಟೈಟಲ್ ಇದೆ, ಬೇಸರವಾದರೆ ನಿಲ್ಲಿಸುವ ಅವಕಾಶ ಇದೆ. ಅವರು ಮಬ್ಬು ಪರದೆಯ ಮುಂದೆ, ಮಾತು ಕೇಳಿಸದೆ, ಎದ್ದು ಹೋಗಲಾಗದೆ ಕೂತಿದ್ದರು. ಈಬರ್ಟ್ ದೂರಿದ್ದ ಹಳದಿಯನ್ನು ಚಿಮಿನೊ ಅವರೇ ಮೂವತ್ತೆರಡು ವರ್ಷದ ಮೇಲೆ ಒರೆಸಿ ತೆಗೆದರು. ಹಾಗಾದರೆ ಆ ವಿಮರ್ಶಕ ಹೇಳಿದ್ದರಲ್ಲಿ ಏನೋ ಹುರುಳಿತ್ತು ಅಂತಲೇ ಅಲ್ವಾ? ಹಳೆಯವರನ್ನು ಬೈಯುವ ಮುಂಚೆ ಇಷ್ಟನ್ನಾದರೂ ನಾವು ಯೋಚಿಸಬೇಕು.

ಮನೆಯ ಪರದೆ ಕಿತ್ತುಕೊಳ್ಳುವುದೂ ಇದೆ. ಇದು ಅಗಲವಾದ ಚೌಕಟ್ಟಿನ ಚಿತ್ರ. ಬಯಲಿನಲ್ಲಿ ಮನುಷ್ಯರು ಇರುವೆಗಳಷ್ಟು ಚಿಕ್ಕದಾಗಿ ಕಾಣುವ ಶಾಟ್‌ಗಳು ಬೇಕಾದಷ್ಟಿವೆ. ಹಳೆಯ ಟಿವಿಗಾಗಿ ಎರಡೂ ಪಕ್ಕ ಕತ್ತರಿಸಿದ ಕ್ಯಾಸೆಟ್‌ಗಳಲ್ಲಂತೂ ಅರ್ಧ ಚಿತ್ರವೇ ಇರುತ್ತಿರಲಿಲ್ಲ. ಆದರೂ ಉದ್ದನೆಯ ಆವೃತ್ತಿ ಬದುಕಿ ಉಳಿದದ್ದು ಸಣ್ಣ ಪರದೆಯಿಂದಲೇ. 1982ರ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಜೀ ಚಾನೆಲ್ ಅನ್ನುವ ಕೇಬಲ್ ವಾಹಿನಿ (ನಮ್ಮ ಜೀ ಅಲ್ಲ, ಅದು ಬೇರೆ) ಪೂರ್ತಿ ಉದ್ದದ ಚಿತ್ರವನ್ನು ಮನೆಮನೆಗೆ ತೋರಿಸಿತು. ಅಲ್ಲಿಂದ ಅಭಿಪ್ರಾಯ ನಿಧಾನಕ್ಕೆ ತಿರುಗತೊಡಗಿತು. ಯುರೋಪಿನ ವಿಮರ್ಶಕರು ಕೂಡ ಉದ್ದನೆಯ ಆವೃತ್ತಿಯ ಪರ ನಿಂತರು. 2014ರಲ್ಲಿ ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್ ತಮ್ಮ ಖುಷಿಗಾಗಿ ಇದನ್ನು 108 ನಿಮಿಷಕ್ಕೆ ಇಳಿಸಿದ ಒಂದು ಕಟ್ ಮಾಡಿದರು. ಒಬ್ಬ ನೋಡುಗ ತನ್ನ ಅಭಿಪ್ರಾಯವನ್ನು ಮಾತಿನಲ್ಲಿ ಹೇಳುವ ಬದಲು ಕತ್ತರಿಯಲ್ಲಿ ಹೇಳಿದ್ದು ಅಂತ ನಾನು ಅದನ್ನು ನೋಡುತ್ತೇನೆ.

ನಟನೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ರಿಸ್ಟಾಫರ್ಸನ್ ಕಲ್ಲಿನ ಹಾಗೆ ನಿಲ್ಲುತ್ತಾರೆ ಅಂತ ಬೈಯುವವರಿದ್ದಾರೆ. ಒಳಗೆ ಸೋತ ಮನುಷ್ಯನ ಪಾತ್ರ ಅದು, ಹಾಗೇ ಇರಬೇಕು ಅಂತ ನನ್ನ ಅನಿಸಿಕೆ. ಉಪೇರ್‌ಳ ಫ್ರೆಂಚ್ ಉಚ್ಚಾರ ಕಂಪನಿಯವರಿಗೆ ಮೊದಲಿಂದಲೂ ಬೇಡವಾಗಿತ್ತು. ವಲಸಿಗರ ಕಥೆಯಲ್ಲಿ ಅದು ಹೇಗೆ ತಪ್ಪಾದೀತು?

ವಾಕನ್ ಮಾತ್ರ ಬೇರೆಯೇ ಮಟ್ಟ. ಚಾಂಪಿಯನ್ ತನ್ನ ಪುಟ್ಟ ಮರದ ಮನೆಗೆ ಎಲ್ಲಾಳನ್ನು ಕರೆತರುವ ದೃಶ್ಯ ನೋಡಿ. ಗೋಡೆಗಳಿಗೆಲ್ಲ ಹಳೆಯ ಪತ್ರಿಕೆಯ ಹಾಳೆ ಅಂಟಿಸಿದ್ದಾನೆ. ಅದು ಅವನ ಪಾಲಿಗೆ ವಾಲ್‌ಪೇಪರ್. ಅವಳು ನೋಡಲಿ, ಮೆಚ್ಚಲಿ ಅಂತ ಕಾಯುತ್ತಾನೆ. ಕೊಲ್ಲುವುದನ್ನೇ ಕಸುಬು ಮಾಡಿಕೊಂಡವನು ಒಬ್ಬ ಹೆಂಗಸಿಗಾಗಿ ಗೋಡೆ ಚೆಂದ ಮಾಡಿದ್ದಾನೆ. ಬ್ಲೂರೇಯಲ್ಲಿ ಆ ಹಾಳೆಗಳ ಅಂಚು ಸುರುಳಿಯಾಗಿರುವುದೂ ಕಾಣುತ್ತದೆ. ಈ ಚಿತ್ರಕ್ಕೆ ಸಿಕ್ಕ ಒಂದೇ ಆಸ್ಕರ್ ನಾಮನಿರ್ದೇಶನ ಕಲಾ ನಿರ್ದೇಶನಕ್ಕೆ. ಆ ಗೋಡೆ ನೋಡಿದರೆ ಯಾಕೆ ಅಂತ ತಿಳಿಯುತ್ತದೆ. ಆಮೇಲೆ ಅದೇ ಮನೆಗೆ ಬೆಂಕಿ ಹಚ್ಚುತ್ತಾರೆ. ಹೊಗೆಯೊಳಗೆ ಕೂತು ಅವನು ಗೆಳೆಯರಿಗೆ ನಾಲ್ಕು ಸಾಲು ಬರೆಯುತ್ತಾನೆ.

ಆ ಬರಹ ಕಟ್ಟುಕಥೆಯಲ್ಲ. ನಿಜವಾದ ನೇಟ್ ಚಾಂಪಿಯನ್ 1892ರ ಏಪ್ರಿಲ್ 9ರಂದು ಕೆಸಿ ರ‍್ಯಾಂಚ್‌ನಲ್ಲಿ ಸುತ್ತುವರಿದ ಗುಂಡಿನ ನಡುವೆ ಕೂತು, ಆಗುತ್ತಿದ್ದುದನ್ನು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟ. ಕೊನೆಯ ಸಾಲಿನಲ್ಲಿ ಗೆಳೆಯರಿಗೆ ವಿದಾಯ ಹೇಳಿದ. ಹೊರಗೆ ಓಡಿಬಂದಾಗ ಹೊಡೆದು ಕೊಂದರು. ಆದರೆ ನಿಜದ ಚಾಂಪಿಯನ್ ಸಂಘದ ಬಂದೂಕುಗಾರ ಅಲ್ಲವೇ ಅಲ್ಲ. ಸಂಘದ ವಿರುದ್ಧ ನಿಂತ ಸಣ್ಣ ದನಗಾರ. ನಿಜದ ಎಲ್ಲಾ ವಾಟ್ಸನ್ ಮತ್ತು ಜಿಮ್ ಏವರೆಲ್ ಇಬ್ಬರನ್ನೂ 1889ರ ಜುಲೈನಲ್ಲೇ ದನದ ಸಾಹುಕಾರರು ಮರಕ್ಕೆ ನೇಣು ಹಾಕಿದ್ದರು. ಅದು ನಡೆದದ್ದು ಜಾನ್ಸನ್ ಕೌಂಟಿಯಲ್ಲೂ ಅಲ್ಲ. ದಾಳಿಗೆ ಬಂದ ಸುಮಾರು ಐವತ್ತು ಜನ ಕೊಂದದ್ದು ಚಾಂಪಿಯನ್ ಮತ್ತು ಅವನ ಜೊತೆಗಾರ ನಿಕ್ ರೇ, ಇಬ್ಬರನ್ನು. ಚಿತ್ರದಲ್ಲಿ ತೋರಿಸಿದ ಹಾಗೆ ವಲಸಿಗರ ಸಾಮೂಹಿಕ ಹತ್ಯೆ ನಡೆಯಲಿಲ್ಲ. ಅಲ್ಲಿನ ಸಣ್ಣ ರೈತರಲ್ಲಿ ಹೆಚ್ಚಿನವರು ಪೂರ್ವ ಯುರೋಪಿನಿಂದ ಬಂದವರೂ ಆಗಿರಲಿಲ್ಲ.

ಇತಿಹಾಸ ಬಲ್ಲ ನೋಡುಗರು ಇದನ್ನು ಎತ್ತಿ ಹೇಳುತ್ತಾರೆ, ಹೇಳಲೇಬೇಕು. ಚಿಮಿನೊ ನಿಜವಾದ ಹೆಸರುಗಳನ್ನು ಇಟ್ಟುಕೊಂಡು ಬದುಕುಗಳನ್ನು ತಿರುಚಿದರು. ಹೆಸರು ಬದಲಿಸಿದ್ದರೆ ಈ ತಕರಾರೇ ಇರುತ್ತಿರಲಿಲ್ಲ. ಆದರೆ ನಡೆದದ್ದರ ತಿರುಳು ಚಿತ್ರದಲ್ಲಿ ಹಾಗೇ ಇದೆ. 1886-87ರ ಭೀಕರ ಚಳಿಗಾಲದಲ್ಲಿ ದನಗಳು ರಾಶಿ ರಾಶಿ ಸತ್ತವು. ಸಾಹುಕಾರರು ನಷ್ಟದಲ್ಲಿದ್ದರು, ಸಣ್ಣವರ ಮೇಲೆ ಕಣ್ಣು ಕೆಂಪಾಯಿತು. ವಯೋಮಿಂಗ್ ದನಗಾರರ ಸಂಘ ಟೆಕ್ಸಾಸ್‌ನಿಂದ ಬಂದೂಕುಗಾರರನ್ನು ಕರೆಸಿ, ಚೆಯೆನ್‌ನಿಂದ ವಿಶೇಷ ರೈಲಿನಲ್ಲಿ ಕಳಿಸಿತು. ಕೊಲ್ಲಬೇಕಾದವರ ಪಟ್ಟಿಯೂ ಇತ್ತು. ಊರಿನವರು ಸೇರಿ ಟಿಎ ರ‍್ಯಾಂಚ್‌ನಲ್ಲಿ ದಾಳಿಕೋರರನ್ನೇ ಸುತ್ತುವರಿದರು. ಇನ್ನೇನು ಕೈಗೆ ಸಿಗಬೇಕು ಅನ್ನುವಾಗ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಸರ್ಕಾರದ ಕುದುರೆ ಸೈನ್ಯ ಬಂತು. ಅದು ಬಂದದ್ದರಿಂದ ಉಳಿದುಕೊಂಡವರು ದಾಳಿಕೋರರೇ. 1893ರಲ್ಲಿ ಕೇಸ್ ಬಿದ್ದುಹೋಯಿತು. ಒಬ್ಬನಿಗೂ ಶಿಕ್ಷೆ ಆಗಲಿಲ್ಲ. ವೆಸ್ಟರ್ನ್ ಸಿನಿಮಾಗಳಲ್ಲಿ ಕುದುರೆ ಸೈನ್ಯ ಬಂದರೆ ಒಳ್ಳೆಯವರು ಬದುಕಿದರು ಅಂತ ಅರ್ಥ. ಈ ಚಿತ್ರದಲ್ಲಿ ಕಹಳೆ ಕೇಳಿದಾಗ ಹೊಟ್ಟೆ ತೊಳಸಿದ ಹಾಗಾಗುತ್ತದೆ. ಈ ಒಂದು ದೃಶ್ಯಕ್ಕಾಗಿ ಚಿಮಿನೊ ಮಾಡಿದ ತಿರುಚುವಿಕೆಯನ್ನು ಅರ್ಧ ಕ್ಷಮಿಸಬಲ್ಲೆ.

ಕಾಳಗ ಮಾತ್ರ ಉದ್ದವಾಯಿತು. ಅದನ್ನು ಮೆಚ್ಚುವವರೊಡನೆಯೂ ನಾನು ಈ ಮಾತಿಗೆ ನಿಲ್ಲುತ್ತೇನೆ. ಧೂಳಿನಲ್ಲಿ ಯಾರು ಯಾರನ್ನು ಹೊಡೆಯುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಗೊಂದಲ ತೋರಿಸುವುದೇ ಉದ್ದೇಶ ಅನ್ನುತ್ತಾರೆ. ಅದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ಆಮೇಲೆ ಬರುವ 1903ರ ಕೊನೆಯ ಭಾಗ, ಏವರಿಲ್ ಮತ್ತೆ ಸಿರಿವಂತನಾಗಿ ರೋಡ್ ಐಲೆಂಡ್ ಕಡಲಲ್ಲಿ ತನ್ನ ಹಡಗಿನಲ್ಲಿ ಕೂತಿರುವುದು, ಕೆಲವರಿಗೆ ಬೇಡದ ಬಾಲ. ನನಗೆ ಅದು ಬೇಕೇ ಬೇಕು. ಬಡವರ ಪರ ಹೋರಾಡಿದ ಶ್ರೀಮಂತನಿಗೆ ವಾಪಸ್ ಹೋಗಲು ಒಂದು ಜಾಗ ಇತ್ತು. ಉಳಿದವರಿಗೆ ಇರಲಿಲ್ಲ.

ಕುದುರೆ ಅಂದಾಗ ಹೇಳದೆ ಬಿಡಲಾಗದ ವಿಷಯ ಒಂದಿದೆ. ಈ ಚಿತ್ರದ ಹುಂಜದ ಕಾಳಗ ನಿಜವಾದದ್ದು. ಕೊನೆಯ ಕಾಳಗದಲ್ಲಿ ಸ್ಫೋಟಕ್ಕೆ ಸಿಕ್ಕಿ ಹಾರುವ ಕುದುರೆಯ ದೃಶ್ಯ ಟ್ರಿಕ್ ಅಲ್ಲ. ಪ್ರಾಣಿಗಳನ್ನು ಹಿಂಸಿಸಿದ್ದಾರೆ, ಕುದುರೆಗಳು ಸತ್ತಿವೆ ಅಂತ ಅಮೆರಿಕನ್ ಹ್ಯೂಮೇನ್ ಅಸೋಸಿಯೇಷನ್ ಅನ್ನುವ ಪ್ರಾಣಿದಯಾ ಸಂಸ್ಥೆ ಪ್ರತಿಭಟಿಸಿತು. ಅವರಿಗೆ ಶೂಟಿಂಗ್ ಜಾಗಕ್ಕೆ ಪ್ರವೇಶವನ್ನೇ ಕೊಟ್ಟಿರಲಿಲ್ಲ. ಈ ಗಲಾಟೆಯ ಮೇಲೆ ನಟರ ಸಂಘ ಮತ್ತು ನಿರ್ಮಾಪಕರ ನಡುವಿನ ಒಪ್ಪಂದದಲ್ಲಿ ಶೂಟಿಂಗ್‌ನಲ್ಲಿ ಪ್ರಾಣಿಗಳ ಮೇಲ್ವಿಚಾರಣೆಯ ಅಧಿಕಾರ ಆ ಸಂಸ್ಥೆಗೆ ಸಿಕ್ಕಿತು. ಅಷ್ಟರಮಟ್ಟಿಗೆ ಒಳ್ಳೆಯದಾಯಿತು. ಆದರೆ ಬಣ್ಣ ಎಷ್ಟು ತಿದ್ದಿದರೂ, ಶಬ್ದ ಎಷ್ಟು ಸರಿಪಡಿಸಿದರೂ ಆ ಶಾಟ್‌ಗಳು ಅಲ್ಲೇ ಇವೆ. ಬ್ಲೂರೇಯಲ್ಲಿ ಇನ್ನೂ ಸ್ಪಷ್ಟವಾಗಿ ಇವೆ. ದುಡ್ಡಿನ ಲೆಕ್ಕ ಕಾಲ ಕಳೆದಂತೆ ಮರೆತುಹೋಗಬಹುದು, ಇದು ಆ ಜಾತಿಯದ್ದಲ್ಲ. ಚಿತ್ರವನ್ನು ಪ್ರೀತಿಸುವವರಲ್ಲಿ ಕೆಲವರು ಈ ವಿಷಯ ಬಂದಾಗ ಮಾತು ತೇಲಿಸುತ್ತಾರೆ. ಅದು ನನಗೆ ಹಿಡಿಸುವುದಿಲ್ಲ. ಸ್ಕೇಟಿಂಗ್ ದೃಶ್ಯವನ್ನು ಬಾಯಿತುಂಬ ಹೊಗಳುವವನು ಇದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಈಗ ಯಾರಾದರೂ ಡಿಸ್ಕ್ ಕೇಳಿದರೆ ಉದ್ದದ ಬಗ್ಗೆ ನಾನು ಎಚ್ಚರಿಸುವುದಿಲ್ಲ, ಅದನ್ನು ಅವರೇ ನಿಭಾಯಿಸಿಕೊಳ್ಳುತ್ತಾರೆ. ಪ್ರಾಣಿಗಳ ದೃಶ್ಯ ಎಲ್ಲೆಲ್ಲಿ ಬರುತ್ತದೆ ಅಂತ ಮಾತ್ರ ಮೊದಲೇ ಹೇಳಿ ಕೊಡುತ್ತೇನೆ. ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬರು ಹಿರಿಯರಿದ್ದಾರೆ, ಹಳೆಯ ವೆಸ್ಟರ್ನ್ ಚಿತ್ರಗಳೆಂದರೆ ಪ್ರಾಣ. ಅವರು ನಾನು ಹೇಳಿದ್ದನ್ನು ಕೇಳಿಸಿಕೊಂಡು, ಡಿಸ್ಕ್ ತೆಗೆದುಕೊಂಡು ಹೋಗಿ, ಒಂದು ವಾರ ಇಟ್ಟುಕೊಂಡು, ನೋಡದೆ ವಾಪಸ್ ತಂದುಕೊಟ್ಟರು. "ಬೇಡ ಕಣಪ್ಪ, ಕುದುರೆ ವಿಷಯ ಕೇಳಿದ ಮೇಲೆ ಮನಸ್ಸು ಒಪ್ಪಲಿಲ್ಲ" ಅಂದರು. ಪಟ್ಟಿ ಓದುವ ದೃಶ್ಯವನ್ನಾದರೂ ಅವರಿಗೆ ತೋರಿಸಬೇಕು ಅಂತ ನನಗೆ ತುಂಬಾ ಆಸೆ ಇತ್ತು. ಆದರೂ ಒತ್ತಾಯ ಮಾಡಲಿಲ್ಲ.